ಮಾರ್ವೆಲ್ ಕಾಮಿಕ್ಸ್‌ನ ಚರಿತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ ನೋಡಿ ಬಂದ ಮಕ್ಕಳು, ಆ ಮಕ್ಕಳ ತಂದೆತಾಯಂದಿರು, ಹಳೆಯ ಸಂಚಿಕೆಗಳನ್ನು ಹುಡುಕಿ ಕೊಳ್ಳುವ ಗೆಳೆಯರು ವರ್ಷಗಳಿಂದ ಕೇಳುತ್ತಾ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಸುಲಭವಾದವು ಮೊದಲು, ತೊಡಕಿನವು ಆಮೇಲೆ. ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಸಾಕು. ನನ್ನ ಒಲವನ್ನು ಮುಂಚೆಯೇ ಹೇಳಿಬಿಡುತ್ತೇನೆ: ಈ ಕಂಪನಿಯ ಮಾಲೀಕರಿಗಿಂತ ಅದರ ಪುಟಗಳನ್ನು ಬರೆದು ಬಿಡಿಸಿದ ಕೈಗಳ ಮೇಲೆ ನನಗೆ ಪ್ರೀತಿ ಹೆಚ್ಚು.

## ಮೊದಲ ಪರಿಚಯ

ಮಾರ್ವೆಲ್ ಅಂದರೆ ಸಿನಿಮಾ ಕಂಪನಿಯೋ, ಪುಸ್ತಕದ ಕಂಪನಿಯೋ?

ಹುಟ್ಟಿನಿಂದ ಅದು ನ್ಯೂಯಾರ್ಕಿನ ಪತ್ರಿಕಾ ಪ್ರಕಾಶನ ಸಂಸ್ಥೆ. ಅಗ್ಗದ ಕಾಗದದಲ್ಲಿ ಅಚ್ಚಾಗಿ ಹತ್ತು ಸೆಂಟಿಗೆ ಮಾರಾಟವಾಗುತ್ತಿದ್ದ ಬಣ್ಣದ ಚಿತ್ರಕಥೆಗಳೇ ಅದರ ಕಸುಬು. ತನ್ನದೇ ದುಡ್ಡಿನಲ್ಲಿ ಸಿನಿಮಾ ಮಾಡಿ 2008ರಲ್ಲಿ ‘ಐರನ್ ಮ್ಯಾನ್’ ತೆರೆಗೆ ತರುವ ಹೊತ್ತಿಗೆ ಸಂಸ್ಥೆಗೆ ಸುಮಾರು ಎಪ್ಪತ್ತು ವರ್ಷ ತುಂಬಿತ್ತು. ಪರದೆಯ ಮೇಲೆ ಕಾಣುವ ಮುಖ್ಯ ಪಾತ್ರಗಳಲ್ಲಿ ಬಹುಪಾಲು ಮೊದಲು ಹುಟ್ಟಿದ್ದು ಕಾಗದದ ಮೇಲೆ.

ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಕೂಡ ಮಾರ್ವೆಲ್‌ನವರಲ್ಲವೇ?

ಅಲ್ಲ. ಅವರು ಡಿಸಿ ಕಾಮಿಕ್ಸ್‌ನವರು. 1938ರಲ್ಲಿ ಬಂದ ಸೂಪರ್‌ಮ್ಯಾನ್, 1939ರಲ್ಲಿ ಬಂದ ಬ್ಯಾಟ್‌ಮ್ಯಾನ್ ಇಬ್ಬರೂ ಮಾರ್ವೆಲ್‌ನ ಮೊದಲ ಪತ್ರಿಕೆಗಿಂತ ಹಿರಿಯರು. ಅವರ ಮಾರಾಟ ನೋಡಿಯೇ ಉಳಿದ ಪ್ರಕಾಶಕರು ಈ ದಾರಿಗೆ ಬಂದರು.

ಚಿಕ್ಕಂದಿನಲ್ಲಿ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್ ಓದುತ್ತಿದ್ದೆ. ಅದೂ ಇದೇ ಕಂಪನಿಯದೇ?

ಐವತ್ತು ದಾಟಿದವರೆಲ್ಲ ಕೇಳುವ ಪ್ರಶ್ನೆಯಿದು. ಕೇಳುವಾಗ ಅವರ ಮುಖದಲ್ಲಿ ಬರುವ ಹೊಳಪು ನನಗೆ ಬಹಳ ಇಷ್ಟ. ಆದರೆ ಫ್ಯಾಂಟಮ್ ಮತ್ತು ಮಾಂಡ್ರೇಕ್ ಮಾರ್ವೆಲ್‌ನವರಲ್ಲ. ಇಬ್ಬರನ್ನೂ ಸೃಷ್ಟಿಸಿದವರು ಲೀ ಫಾಕ್. ಮಾಂಡ್ರೇಕ್ 1934ರಲ್ಲಿ, ಫ್ಯಾಂಟಮ್ 1936ರಲ್ಲಿ ಅಮೆರಿಕದ ದಿನಪತ್ರಿಕೆಗಳಲ್ಲಿ ದಿನಕ್ಕೊಂದು ಚಿತ್ರಪಟ್ಟಿಯಂತೆ ಶುರುವಾದರು. ಹಂಚುತ್ತಿದ್ದದ್ದು ಕಿಂಗ್ ಫೀಚರ್ಸ್. ಟೈಮ್ಸ್ ಆಫ್ ಇಂಡಿಯಾ ಬಳಗ ಆ ಕಥೆಗಳನ್ನು 1964ರಿಂದ 1990ರವರೆಗೆ ಇಂದ್ರಜಾಲ ಕಾಮಿಕ್ಸ್ ಆಗಿ ಹೊರತಂದಿತು. ಅದಕ್ಕೆ ಕನ್ನಡದ ಆವೃತ್ತಿಯೂ ಇತ್ತು. ಕನ್ನಡದ ಎರಡು ತಲೆಮಾರಿಗೆ ಮುಸುಕುಧಾರಿ ವೀರನೆಂದರೆ ಮೊದಲು ನೆನಪಾಗುವುದು ಕಾಡಿನ ಫ್ಯಾಂಟಮ್ ಆಗಿರುವುದಕ್ಕೆ ಇದೇ ಕಾರಣ.

ಕಂಪನಿ ಶುರುವಾದದ್ದು 1939ರಲ್ಲೋ, 1961ರಲ್ಲೋ? ಎರಡೂ ಇಸವಿ ಹೇಳುತ್ತಾರಲ್ಲ.

ಎರಡಕ್ಕೂ ಅರ್ಥವಿದೆ. ಅಗ್ಗದ ಕಥಾಪತ್ರಿಕೆಗಳ ಪ್ರಕಾಶಕ ಮಾರ್ಟಿನ್ ಗುಡ್‌ಮನ್ 1939ರಲ್ಲಿ ‘ಮಾರ್ವೆಲ್ ಕಾಮಿಕ್ಸ್’ ಎಂಬ ಹೆಸರಿನ ಪತ್ರಿಕೆ ತಂದರು. ಆಗ ಅದು ಪತ್ರಿಕೆಯ ಹೆಸರಷ್ಟೇ. ಸಂಸ್ಥೆಯನ್ನು ಟೈಮ್ಲಿ ಎಂದು ಕರೆಯುತ್ತಿದ್ದರು. ಮೊದಲ ಸಂಚಿಕೆಯ ಸಾಮಗ್ರಿಯನ್ನು ಗುಡ್‌ಮನ್ ಹೊರಗಿನ ಚಿತ್ರಶಾಲೆಯೊಂದರಿಂದ ಕೊಂಡಿದ್ದರು. ಅದರಲ್ಲಿ ಕಾರ್ಲ್ ಬರ್ಗೋಸ್ ಅವರ ಬೆಂಕಿಯ ಮನುಷ್ಯ ಹ್ಯೂಮನ್ ಟಾರ್ಚ್ ಇದ್ದ, ಬಿಲ್ ಎವರೆಟ್ ಅವರ ಕಡಲರಾಜ ನೇಮರ್ ಇದ್ದ. ಮುಂದೆ 1950ರ ದಶಕದಲ್ಲಿ ಅಟ್ಲಾಸ್ ಎಂಬ ಹೆಸರು ಬಂತು. ಇಡೀ ಸಂಸ್ಥೆಗೆ ಮಾರ್ವೆಲ್ ಎಂಬ ಹೆಸರು ನಿಂತದ್ದು 1961ರ ನಂತರ, ‘ಫೆಂಟಾಸ್ಟಿಕ್ ಫೋರ್’ ಬಂದ ಮೇಲೆ.

ಇಸವಿಗಳ ವಿಷಯದಲ್ಲಿ ಇನ್ನೊಂದು ಮಾತು. ಅಮೆರಿಕದ ಕಾಮಿಕ್ಸ್ ಮೇಲೆ ಅಚ್ಚಾದ ತಿಂಗಳು ಅಂಗಡಿಗೆ ಬಂದ ತಿಂಗಳಲ್ಲ. ಎರಡು ಮೂರು ತಿಂಗಳು ಮುಂದಿನ ದಿನಾಂಕ ಹಾಕುವುದು ವಾಡಿಕೆ. ಬೇರೆ ಬೇರೆ ಕಡೆ ಬೇರೆ ತಿಂಗಳು ಕಂಡರೆ ಗಾಬರಿಯಾಗಬೇಡಿ.

ಕ್ಯಾಪ್ಟನ್ ಅಮೆರಿಕ ಹಿಟ್ಲರನಿಗೆ ಗುದ್ದುವ ಮುಖಪುಟವನ್ನು ಯುದ್ಧ ಪ್ರಚಾರಕ್ಕಾಗಿ ಸರ್ಕಾರ ಮಾಡಿಸಿತ್ತೇ?

ಇಲ್ಲ. ಅದರ ದಿನಾಂಕ ನೋಡಿದರೆ ಮೈ ಜುಮ್ಮೆನ್ನುತ್ತದೆ. ಸಂಚಿಕೆಯ ಮೇಲಿರುವುದು 1941ರ ಮಾರ್ಚ್. ಮಾರಾಟಕ್ಕೆ ಬಂದದ್ದು 1940ರ ಡಿಸೆಂಬರ್. ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಅಮೆರಿಕ ಯುದ್ಧಕ್ಕಿಳಿದದ್ದು ಅದಾದ ಒಂದು ವರ್ಷದ ಮೇಲೆ. ನಮಗೇಕೆ ಯುರೋಪಿನ ಜಗಳ ಎನ್ನುವವರೇ ಆ ದೇಶದಲ್ಲಿ ತುಂಬಿದ್ದ ಕಾಲವದು. ಅಂಥ ಹೊತ್ತಿನಲ್ಲಿ ಜೋ ಸೈಮನ್ ಮತ್ತು ಜಾಕ್ ಕರ್ಬಿ, ಯಹೂದಿ ಮನೆತನದ ಇಬ್ಬರು ತರುಣರು, ಹಿಟ್ಲರನ ದವಡೆಗೆ ಬೀಳುವ ಆ ಮುಷ್ಟಿಯನ್ನು ಬಿಡಿಸಿದರು. ಬೆದರಿಕೆಯ ಕಾಗದಗಳು ಬಂದವು, ಪೊಲೀಸ್ ಕಾವಲು ಹಾಕಬೇಕಾಯಿತು ಎಂದು ಸೈಮನ್ ನೆನಪಿಸಿಕೊಂಡಿದ್ದಾರೆ. ಕರ್ಬಿ ಮುಂದೆ ಸೈನ್ಯ ಸೇರಿ ಫ್ರಾನ್ಸಿನಲ್ಲಿ ಕಾದಾಡಿದರು.

ಇಬ್ಬರೂ ಹತ್ತೇ ಸಂಚಿಕೆಗಳ ನಂತರ ಗುಡ್‌ಮನ್ ಅವರನ್ನು ಬಿಟ್ಟು ಹೋದರು. ಮಾತಾಗಿದ್ದ ಲಾಭದ ಪಾಲು ಸರಿಯಾಗಿ ಕೈಸೇರುತ್ತಿಲ್ಲ ಎಂಬುದು ಅವರ ದೂರು. ಈ ಕಂಪನಿಯ ಚರಿತ್ರೆಯಲ್ಲಿ ಇದೇ ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ.

## ಕಟ್ಟಿದವರು, ಕಟ್ಟಿದ ಬಗೆ

ಯುದ್ಧ ಮುಗಿದ ಮೇಲೆ ಸೂಪರ್‌ಹೀರೋಗಳು ಎಲ್ಲಿ ಹೋದರು?

ಓದುಗರು ಬೇಸತ್ತರು, ಪತ್ರಿಕೆಗಳು ನಿಂತವು. ಗುಡ್‌ಮನ್ ಗಾಳಿ ಬಂದಾಗ ತೂರಿಕೊಳ್ಳುವ ವ್ಯಾಪಾರಿ. ಕೌಬಾಯ್, ಪ್ರಣಯ, ಭೂತ, ಯುದ್ಧ ಎಂದು ಯಾವುದು ಓಡುತ್ತದೋ ಅದನ್ನು ರಾಶಿಗಟ್ಟಲೆ ಅಚ್ಚು ಹಾಕಿಸಿದರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ದಮ್ ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆಂದು ಪುಸ್ತಕ ಬರೆದರು, ಅಮೆರಿಕದ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಕೂಡಿ ಕಾಮಿಕ್ಸ್ ಕೋಡ್ ಎಂಬ ಕಟ್ಟುನಿಟ್ಟಿನ ನಿಯಮಾವಳಿ ತಂದುಕೊಂಡರು.

ನಿಜವಾದ ಪೆಟ್ಟು ಬಿದ್ದದ್ದು 1957ರಲ್ಲಿ. ಗುಡ್‌ಮನ್ ತಮ್ಮ ಸ್ವಂತ ವಿತರಣಾ ಜಾಲವನ್ನು ಮುಚ್ಚಿ ದೊಡ್ಡ ವಿತರಕರೊಬ್ಬರನ್ನು ನಂಬಿದರು. ಆ ವಿತರಣಾ ಸಂಸ್ಥೆಯೇ ಬಾಗಿಲು ಹಾಕಿತು. ಕೊನೆಗೆ ಪ್ರತಿಸ್ಪರ್ಧಿ ಡಿಸಿಯ ಒಡೆತನದಲ್ಲಿದ್ದ ವಿತರಣಾ ಸಂಸ್ಥೆಯ ಬಾಗಿಲು ತಟ್ಟಬೇಕಾಯಿತು. ಅವರು ಹಾಕಿದ ಷರತ್ತು: ತಿಂಗಳಿಗೆ ಎಂಟೇ ಪತ್ರಿಕೆ, ಒಂದೂ ಹೆಚ್ಚಿಲ್ಲ. 1960ರ ದಶಕದ ಮೊದಲಲ್ಲಿ ಮಾರ್ವೆಲ್ ಒಂದೇ ಪತ್ರಿಕೆಯಲ್ಲಿ ಇಬ್ಬಿಬ್ಬರು ವೀರರ ಕಥೆಗಳನ್ನು ತುರುಕಿದ್ದು ಈ ಇಕ್ಕಟ್ಟಿನಿಂದಲೇ.

1961ರಲ್ಲಿ ಅಂಥದ್ದೇನಾಯಿತು?

ಡಿಸಿಯ ವೀರರ ತಂಡದ ಪತ್ರಿಕೆ ಚೆನ್ನಾಗಿ ಓಡುತ್ತಿತ್ತು. ಅಂಥದ್ದೇ ಒಂದು ನಮಗೂ ಬೇಕು ಎಂದು ಗುಡ್‌ಮನ್ ಹೇಳಿದರು. ಗಾಲ್ಫ್ ಆಡುವಾಗ ಅವರಿಗೆ ಈ ಸುದ್ದಿ ಸಿಕ್ಕಿತೆಂಬ ಕಥೆಯನ್ನು ದಂತಕಥೆಯೆಂದೇ ಓದಿಕೊಳ್ಳಿ. ಸಂಪಾದಕ ಸ್ಟಾನ್ ಲೀ ಮತ್ತು ಕೆಲ ವರ್ಷಗಳ ಹಿಂದೆ ಮರಳಿ ಬಂದಿದ್ದ ಜಾಕ್ ಕರ್ಬಿ ಸೇರಿ ಕೊಟ್ಟದ್ದು ‘ಫೆಂಟಾಸ್ಟಿಕ್ ಫೋರ್’. ಮುಖಪುಟದ ಮೇಲೆ 1961ರ ನವೆಂಬರ್ ಎಂದಿದೆ.

ಹೊಸತನ ಇದ್ದದ್ದು ಶಕ್ತಿಗಳಲ್ಲಲ್ಲ, ಸ್ವಭಾವದಲ್ಲಿ. ಈ ನಾಲ್ವರು ತಮ್ಮತಮ್ಮಲ್ಲೇ ಜಗಳವಾಡುತ್ತಾರೆ. ತಾವು ಯಾರೆಂಬ ಗುಟ್ಟಿಲ್ಲ, ಮೊದಲ ಎರಡು ಸಂಚಿಕೆಗಳಲ್ಲಿ ಸಮವಸ್ತ್ರವೂ ಇಲ್ಲ. ಕಲ್ಲಿನ ಮೈಯ ಬೆನ್ ಗ್ರಿಮ್ ತನ್ನ ಶಕ್ತಿಯನ್ನು ವರವೆಂದು ಭಾವಿಸುವುದಿಲ್ಲ. ತನ್ನ ಮುಖ ನೋಡಿ ಕೊರಗುತ್ತಾನೆ. ಇವರ ಊರು ಕಲ್ಪನೆಯ ಮಹಾನಗರವಲ್ಲ, ನ್ಯೂಯಾರ್ಕ್. ಬೆನ್ ಬೆಳೆದ ಯಾನ್ಸಿ ಬೀದಿ, ಕರ್ಬಿ ಬಡತನದಲ್ಲಿ ಬೆಳೆದ ಬಡಾವಣೆಯ ಡೆಲಾನ್ಸಿ ಬೀದಿಯ ನೆರಳು. ಆ ಕಲ್ಲಿನ ಮನುಷ್ಯನಲ್ಲಿ ಕರ್ಬಿ ತಮ್ಮನ್ನೇ ಕಂಡುಕೊಂಡಿದ್ದರು ಎಂದು ನನಗೆ ಪ್ರತಿಸಲ ಓದುವಾಗಲೂ ಅನ್ನಿಸುತ್ತದೆ.

ಅಲ್ಲಿಂದ ಮುಂದಿನ ಮೂರು ವರ್ಷ ಸುಗ್ಗಿ. 1962ರಲ್ಲಿ ಹಲ್ಕ್, ಥಾರ್, ಸ್ಪೈಡರ್‌ಮ್ಯಾನ್, 1963ರಲ್ಲಿ ಐರನ್ ಮ್ಯಾನ್, ಡಾಕ್ಟರ್ ಸ್ಟ್ರೇಂಜ್, ಎಕ್ಸ್-ಮೆನ್, ಅವೆಂಜರ್ಸ್, 1964ರಲ್ಲಿ ಡೇರ್‌ಡೆವಿಲ್. ಅದೇ ವರ್ಷ ಕ್ಯಾಪ್ಟನ್ ಅಮೆರಿಕನನ್ನು ಮಂಜುಗಡ್ಡೆಯಿಂದ ಎಬ್ಬಿಸಿ ಅವೆಂಜರ್ಸ್ ಬಳಗಕ್ಕೆ ಸೇರಿಸಿದರು.

ಹಲ್ಕ್ ಮೊದಲು ಬೂದು ಬಣ್ಣದವನಾಗಿದ್ದನಂತೆ, ನಿಜವೇ?

ನಿಜ. 1962ರ ಮೊದಲ ಸಂಚಿಕೆ ತೆರೆದು ನೋಡಿ. ಆಗಿನ ಅಗ್ಗದ ಮುದ್ರಣದಲ್ಲಿ ಬೂದು ಬಣ್ಣ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಒಂದು ಪುಟದಲ್ಲಿ ತಿಳಿಯಾಗಿ, ಇನ್ನೊಂದರಲ್ಲಿ ಕಡುವಾಗಿ, ಮತ್ತೊಂದರಲ್ಲಿ ಹಸಿರು ಛಾಯೆಯಲ್ಲಿ ಮೂಡಿತು. ಬಣ್ಣ ಹಾಕುತ್ತಿದ್ದ ಸ್ಟಾನ್ ಗೋಲ್ಡ್‌ಬರ್ಗ್ ಇದನ್ನು ಮುಂಚೆಯೇ ಎಚ್ಚರಿಸಿದ್ದರು. ಎರಡನೆಯ ಸಂಚಿಕೆಯಿಂದ ಹಸಿರು.

ಸ್ಪೈಡರ್‌ಮ್ಯಾನ್‌ನಂಥ ಪಾತ್ರ ಮೊದಲು ಬಂದದ್ದು ನಿಂತುಹೋಗುವ ಪತ್ರಿಕೆಯಲ್ಲಿ ಏಕೆ?

ಹದಿಹರೆಯದ ಹುಡುಗ ನಾಯಕನ ಗೆಳೆಯನಾಗಬಹುದು, ತಾನೇ ನಾಯಕನಾಗಲಾರ. ಜೇಡವೆಂದರೆ ಜನರಿಗೆ ಅಸಹ್ಯ. ಗುಡ್‌ಮನ್ ಅವರ ಆಕ್ಷೇಪ ಇದಾಗಿತ್ತೆಂದು ಲೀ ಜೀವನವಿಡೀ ಹೇಳಿಕೊಂಡು ಬಂದರು. ಕೊನೆಯ ಸಂಚಿಕೆಯಲ್ಲಿ ಏನು ಹಾಕಿದರೂ ನಷ್ಟವಿಲ್ಲವೆಂದು 1962ರ ಆಗಸ್ಟ್ ದಿನಾಂಕದ ‘ಅಮೇಜಿಂಗ್ ಫ್ಯಾಂಟಸಿ’ಯ 15ನೇ ಸಂಚಿಕೆಗೆ ಕಥೆ ಹೋಯಿತು. ಬೆಲೆ 12 ಸೆಂಟ್. ಮಾರಾಟದ ಲೆಕ್ಕ ಬಂದ ಮೇಲೆ ಸ್ವಂತ ಪತ್ರಿಕೆ ಸಿಕ್ಕಿತು.

ಮೊದಲು ಕರ್ಬಿ ಕೆಲವು ಪುಟ ಬಿಡಿಸಿದ್ದರು. ಆ ಹುಡುಗ ತೀರ ಗಟ್ಟಿಮುಟ್ಟಾಗಿ ಕಂಡನೆಂದು ಲೀ ಕೆಲಸವನ್ನು ಸ್ಟೀವ್ ಡಿಟ್ಕೋ ಅವರಿಗೆ ಕೊಟ್ಟರು. ಸಣಕಲು ತೋಳು, ದಪ್ಪ ಕನ್ನಡಕ, ಕುಗ್ಗಿದ ಭುಜ, ಇಡೀ ಮುಖ ಮುಚ್ಚುವ ಮುಸುಕು ಎಲ್ಲವೂ ಡಿಟ್ಕೋ ಅವರ ಕೊಡುಗೆ. ಮುಖ ಪೂರ್ತಿ ಮುಚ್ಚಿರುವುದರಿಂದಲೇ ಯಾವ ಬಣ್ಣದ, ಯಾವ ದೇಶದ ಮಗುವಾದರೂ ಆ ಮುಸುಕಿನೊಳಗೆ ತಾನಿದ್ದೇನೆಂದು ಭಾವಿಸಬಹುದು.

ಸ್ಟಾನ್ ಲೀ ಒಬ್ಬರೇ ಇವರೆಲ್ಲರನ್ನೂ ಸೃಷ್ಟಿಸಿದರೇ?

ಇಲ್ಲ. ಇದೊಂದನ್ನು ಬಿಡಿಸಿ ಹೇಳಲು ನನಗೆ ಎಷ್ಟು ಸಲವಾದರೂ ಬೇಸರವಿಲ್ಲ.

ಲೀ ಗುಡ್‌ಮನ್ ಅವರ ಹೆಂಡತಿಯ ಕಡೆಯ ಸಂಬಂಧಿ. ಹದಿಹರೆಯದಲ್ಲೇ ಕಚೇರಿಗೆ ಬಂದು ಶಾಯಿ ಕುಡಿಕೆ ತುಂಬುವಂಥ ಚಿಲ್ಲರೆ ಕೆಲಸಗಳಿಂದ ಶುರುಮಾಡಿದರು. 1941ರ ಕೊನೆಯಲ್ಲಿ ಸೈಮನ್ ಮತ್ತು ಕರ್ಬಿ ಹೊರಟುಹೋದಾಗ, ಹತ್ತೊಂಬತ್ತರ ಹೊಸ್ತಿಲಲ್ಲಿದ್ದ ಅವರಿಗೆ ಸಂಪಾದಕನ ಕುರ್ಚಿ ಸಿಕ್ಕಿತು. 1960ರ ದಶಕದಲ್ಲಿ ಹೆಚ್ಚಿನ ಪತ್ರಿಕೆಗಳ ಬರವಣಿಗೆ ಅವರೊಬ್ಬರ ತಲೆಯ ಮೇಲಿತ್ತು. ಪೂರ್ತಿ ಬರೆದು ಕೊಡಲು ಸಮಯವಿಲ್ಲದೆ ರೂಢಿಗೆ ಬಂದದ್ದೇ ಮಾರ್ವೆಲ್ ಪದ್ಧತಿ. ಕಥೆಯ ಎಳೆಯನ್ನು ಮಾತಿನಲ್ಲೋ ಒಂದೆರಡು ಹಾಳೆಯಲ್ಲೋ ಚಿತ್ರಕಾರರಿಗೆ ತಿಳಿಸುವುದು. ಅವರು ಇಡೀ ಸಂಚಿಕೆಯನ್ನು ದೃಶ್ಯ ದೃಶ್ಯವಾಗಿ ಕಟ್ಟಿ ಬಿಡಿಸುವುದು. ಆಮೇಲೆ ಲೀ ಚಿತ್ರ ನೋಡಿ ಮಾತಿನ ಗುಳ್ಳೆಗಳನ್ನು ತುಂಬುವುದು.

ಹೀಗಾದಾಗ ಕಥೆ ಯಾರದು? ಕರ್ಬಿ ಅವರ ಮೂಲ ಪುಟಗಳ ಅಂಚಿನಲ್ಲಿ ಪೆನ್ಸಿಲ್‌ನ ಸಾಲುಗಳು ಇವತ್ತಿಗೂ ಕಾಣುತ್ತವೆ: ಈ ಚೌಕಟ್ಟಿನಲ್ಲಿ ಏನಾಗುತ್ತಿದೆ, ಯಾರು ಏನು ಹೇಳುತ್ತಿದ್ದಾರೆ ಎಂದು ಲೀ ಅವರಿಗಾಗಿ ಬರೆದಿಟ್ಟ ಟಿಪ್ಪಣಿಗಳು. 1966ರಲ್ಲಿ ಲೋಕಗಳನ್ನೇ ನುಂಗುವ ಗ್ಯಾಲಕ್ಟಸ್‌ನ ಕಥೆ ಬಂದಾಗ, ತಾವು ಹೇಳಿದ ಎಳೆಯಲ್ಲಿ ಇಲ್ಲದ ಬೆಳ್ಳಿ ಮೈಯ ಸಿಲ್ವರ್ ಸರ್ಫರ್ ಪುಟಗಳಲ್ಲಿ ಹಾರಾಡುತ್ತಿದ್ದುದನ್ನು ಕಂಡು ಬೆರಗಾದೆನೆಂದು ಸ್ವತಃ ಲೀ ಹೇಳಿದ್ದಾರೆ. ಡಿಟ್ಕೋ ಅವರ ವಿಷಯದಲ್ಲಂತೂ 1965ರಿಂದ ಕಥಾಹಂದರವೂ ಅವರದೇ ಎಂದು ಸಂಚಿಕೆಯಲ್ಲೇ ಅಚ್ಚಾಗತೊಡಗಿತು.

ಲೀ ಅವರ ಪಾಲನ್ನು ಕಡಿಮೆ ಮಾಡುವುದೂ ಅನ್ಯಾಯವೇ. ಆ ಮಾತುಗಳ ಲವಲವಿಕೆ, ಓದುಗರನ್ನು ಗೆಳೆಯರಂತೆ ಕರೆದು ಮಾತಾಡಿಸುವ ಪತ್ರಗಳ ಪುಟ, ಒಬ್ಬನ ಪತ್ರಿಕೆಯಲ್ಲಿ ಇನ್ನೊಬ್ಬನನ್ನು ತಂದು ಇಡೀ ಲೋಕವನ್ನು ಒಂದೇ ಊರಾಗಿಸಿದ ಜಾಣ್ಮೆ ಅವರದು. ಶಾಯಿ ಎಳೆದವರು, ಅಕ್ಷರ ಬರೆದವರು ಎಲ್ಲರ ಹೆಸರನ್ನೂ ಮೊದಲ ಪುಟದಲ್ಲಿ ಅಚ್ಚುಹಾಕುವುದನ್ನು ನಿಯಮ ಮಾಡಿದವರೂ ಅವರೇ. ಆದರೆ ಪತ್ರಕರ್ತರು ಬಂದಾಗ ಮುಂದೆ ನಿಲ್ಲುತ್ತಿದ್ದದ್ದು ಸಂಬಳದ ಸಂಪಾದಕ ಲೀ. ಪುಟಕ್ಕಿಷ್ಟು ಎಂದು ಕೂಲಿ ಪಡೆದು ಮನೆಯಲ್ಲಿ ಕೂತು ಬಿಡಿಸುತ್ತಿದ್ದ ಕರ್ಬಿ ಮತ್ತು ಡಿಟ್ಕೋ ಹಿಂದೆ ಉಳಿದರು. ಡಿಟ್ಕೋ 1966ರಲ್ಲಿ, ಕರ್ಬಿ 1970ರಲ್ಲಿ ಹೊರನಡೆದರು.

ಬ್ಲ್ಯಾಕ್ ಪ್ಯಾಂಥರ್ ಹೆಸರು ಅದೇ ಹೆಸರಿನ ರಾಜಕೀಯ ಪಕ್ಷದಿಂದ ಬಂದದ್ದೇ?

ಅಲ್ಲ. ವಕಾಂಡದ ರಾಜ ಟಿ’ಚಾಲಾ ಕಾಣಿಸಿಕೊಂಡ ಸಂಚಿಕೆಯ ದಿನಾಂಕ 1966ರ ಜುಲೈ. ಪಕ್ಷ ಸ್ಥಾಪನೆಯಾದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಅಮೆರಿಕದ ಮುಖ್ಯ ಕಾಮಿಕ್ಸ್‌ಗಳಲ್ಲಿ ಇವನೇ ಮೊದಲ ಕಪ್ಪು ಸೂಪರ್‌ಹೀರೋ. ಬಂದದ್ದು ಸೇವಕನಾಗಿಯಲ್ಲ, ಅಮೆರಿಕದವರೇ ಬೆರಗಾಗುವ ತಂತ್ರಜ್ಞಾನದ ಒಡೆಯನಾಗಿ ಎಂಬುದನ್ನು ಗಮನಿಸಬೇಕು.

ಮಾದಕ ವಸ್ತುಗಳ ಕಥೆ ಹಾಕಿದ್ದಕ್ಕೆ ಮಾರ್ವೆಲ್‌ಗೆ ನಿಷೇಧ ಬಿದ್ದಿತ್ತಂತೆ?

ನಿಷೇಧವಲ್ಲ, ಕಾಮಿಕ್ಸ್ ಕೋಡ್‌ನ ಒಪ್ಪಿಗೆಯ ಮುದ್ರೆ ಸಿಗಲಿಲ್ಲ. ಯುವಜನರನ್ನು ಎಚ್ಚರಿಸುವ ಕಥೆಯೊಂದು ಬರಲಿ ಎಂದು ಅಮೆರಿಕದ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಯೇ ಲೀ ಅವರನ್ನು ಕೇಳಿತ್ತು. ಕೆಟ್ಟದ್ದೆಂದು ತೋರಿಸಲೂ ಮಾದಕ ವಸ್ತುವಿನ ಮಾತೆತ್ತಬಾರದು ಎಂದಿತು ಕಾಮಿಕ್ಸ್ ಕೋಡ್. 1971ರಲ್ಲಿ ಸ್ಪೈಡರ್‌ಮ್ಯಾನ್‌ನ 96ರಿಂದ 98ನೇ ಸಂಚಿಕೆಗಳನ್ನು ಆ ಮುದ್ರೆಯಿಲ್ಲದೆಯೇ ಹೊರತಂದರು. ಅದೇ ವರ್ಷ ನಿಯಮ ಸಡಿಲವಾಯಿತು. 2001ರಲ್ಲಿ ಮಾರ್ವೆಲ್ ಆ ಕೋಡ್‌ನಿಂದಲೇ ಹೊರಬಂತು.

## ಹಣ, ಹಕ್ಕು, ಹೆಸರು

ಕಂಪನಿಯ ಮಾಲೀಕರು ಎಷ್ಟು ಸಲ ಬದಲಾದರು?

1968ರಲ್ಲಿ ಗುಡ್‌ಮನ್ ಅದನ್ನು ಪರ್ಫೆಕ್ಟ್ ಫಿಲ್ಮ್ ಆ್ಯಂಡ್ ಕೆಮಿಕಲ್ ಎಂಬ ಸಂಸ್ಥೆಗೆ ಮಾರಿದರು. ಆ ಸಂಸ್ಥೆ ಆಮೇಲೆ ಕೇಡನ್ಸ್ ಇಂಡಸ್ಟ್ರೀಸ್ ಆಯಿತು. 1986ರಲ್ಲಿ ನ್ಯೂ ವರ್ಲ್ಡ್ ಎಂಬ ಸಿನಿಮಾ ಸಂಸ್ಥೆ ಕೊಂಡಿತು. 1989ರಲ್ಲಿ ಉದ್ಯಮಿ ರೊನಾಲ್ಡ್ ಪೆರಲ್‌ಮನ್ 8.25 ಕೋಟಿ ಡಾಲರ್‌ಗೆ ಕೊಂಡರು. 1998ರಲ್ಲಿ ಟಾಯ್ ಬಿಜ್ ಎಂಬ ಆಟಿಕೆ ಕಂಪನಿಯ ಕೈಗೆ ಹೋಯಿತು. 2009ರ ಆಗಸ್ಟ್ 31ರಂದು ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು.

ಅಷ್ಟು ದೊಡ್ಡ ಕಂಪನಿ 1996ರಲ್ಲಿ ದಿವಾಳಿ ಆದದ್ದು ಹೇಗೆ?

ಓದುವ ಪುಸ್ತಕವನ್ನು ಬಂಡವಾಳದ ಪತ್ರದಂತೆ ಮಾರಲು ಹೋಗಿ. 1975ರಲ್ಲಿ ಲೆನ್ ವೀನ್ ಮತ್ತು ಡೇವ್ ಕಾಕ್ರಮ್ ಮರುಜೀವ ಕೊಟ್ಟ ಎಕ್ಸ್-ಮೆನ್ ಪತ್ರಿಕೆಯನ್ನು ಕ್ರಿಸ್ ಕ್ಲೇರ್‌ಮಾಂಟ್ ಹದಿನಾರು ವರ್ಷ ಬರೆದು ಸಂಸ್ಥೆಯ ಬೆನ್ನೆಲುಬಾಗಿ ಬೆಳೆಸಿದ್ದರು. 1991ರಲ್ಲಿ ಅವರೂ ಚಿತ್ರಕಾರ ಜಿಮ್ ಲೀ ಅವರೂ ಸೇರಿ ಮಾಡಿದ ಹೊಸ ‘ಎಕ್ಸ್-ಮೆನ್’ನ ಮೊದಲ ಸಂಚಿಕೆಗೆ ಐದು ಬೇರೆ ಬೇರೆ ಮುಖಪುಟ ಹಾಕಿದರು. ಅಂಗಡಿಗಳು 81 ಲಕ್ಷಕ್ಕೂ ಹೆಚ್ಚು ಪ್ರತಿ ತರಿಸಿದವು. ಐದೂ ಮುಖಪುಟ ಕೊಂಡು, ಓದದೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮುಂದೆ ಬೆಲೆ ಏರುತ್ತದೆಂದು ಕಾದವರು ಅನೇಕರು. ಲಕ್ಷಾಂತರ ಜನರ ಬಳಿ ಇರುವ ವಸ್ತುವಿಗೆ ಬೆಲೆ ಏರುವುದೆಲ್ಲಿ? ಅದು ತಿಳಿದ ದಿನ ಕೊಳ್ಳುವವರು ಮಾಯವಾದರು.

ಅಷ್ಟರಲ್ಲಿ ಜಿಮ್ ಲೀ, ಟಾಡ್ ಮ್ಯಾಕ್‌ಫಾರ್ಲೇನ್, ರಾಬ್ ಲೀಫೆಲ್ಡ್ ಸೇರಿದಂತೆ ಏಳು ಮಂದಿ ಚಿತ್ರಕಾರರು ತಮ್ಮ ಸೃಷ್ಟಿಯ ಹಕ್ಕು ತಮಗೇ ಬೇಕೆಂದು 1992ರಲ್ಲಿ ಹೊರನಡೆದು ಇಮೇಜ್ ಕಾಮಿಕ್ಸ್ ಕಟ್ಟಿದ್ದರು. ಪೆರಲ್‌ಮನ್ ಸಾಲ ಎತ್ತಿ ಫ್ಲೀರ್, ಸ್ಕೈಬಾಕ್ಸ್ ಎಂಬ, ಆಟಗಾರರ ಚಿತ್ರದ ಕಾರ್ಡ್ ಮಾರುವ ಕಂಪನಿಗಳನ್ನೂ, ಇಟಲಿಯ ಪಾನಿನಿ ಸ್ಟಿಕ್ಕರ್ ಕಂಪನಿಯನ್ನೂ ಕೊಂಡರು. 1994ರಲ್ಲಿ ಬೇಸ್‌ಬಾಲ್ ಆಟಗಾರರ ಮುಷ್ಕರವಾಗಿ ಕಾರ್ಡ್ ವ್ಯಾಪಾರವೂ ಕುಸಿಯಿತು. ಅದೇ ವರ್ಷದ ಕೊನೆಗೆ ವಿತರಣೆಯನ್ನೂ ತಾನೇ ಮಾಡುತ್ತೇನೆಂದು ಮಾರ್ವೆಲ್ ಹೀರೋಸ್ ವರ್ಲ್ಡ್ ಎಂಬ ಸಂಸ್ಥೆಯನ್ನು ಕೊಂಡಿತು. ಅದಕ್ಕೆ ಆ ಭಾರ ಹೊರಲಾಗಲಿಲ್ಲ. ಈ ಗೊಂದಲದಲ್ಲಿ ಅಮೆರಿಕದ ಸಾವಿರಾರು ಕಾಮಿಕ್ಸ್ ಅಂಗಡಿಗಳು ಮುಚ್ಚಿದವು. ಆ ಅಂಗಡಿಕಾರರಲ್ಲಿ ಬಹಳ ಮಂದಿ ತಾವೇ ಓದುಗರಾಗಿದ್ದು ವ್ಯಾಪಾರಕ್ಕಿಳಿದವರು. ಅವರ ನಷ್ಟವನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. 1996ರ ಡಿಸೆಂಬರ್ ಕೊನೆಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಪೆರಲ್‌ಮನ್ ಮತ್ತು ಕಾರ್ಲ್ ಐಕಾನ್ ಎಂಬ ಇಬ್ಬರು ಕೋಟ್ಯಧಿಪತಿಗಳು ಅದಕ್ಕಾಗಿ ಕಿತ್ತಾಡಿದರು. ಕೊನೆಗೆ ದಕ್ಕಿದ್ದು ಆಟಿಕೆ ಮಾರುವವರಿಗೆ.

ಸ್ಪೈಡರ್‌ಮ್ಯಾನ್ ಸಿನಿಮಾ ಸೋನಿಯದು, ಉಳಿದವರು ಡಿಸ್ನಿಯವರು. ಇದೇನು ಗೊಂದಲ?

ಬಡತನದ ಕಾಲದ ಅಡವಿನ ಫಲ. ದುಡ್ಡು ಬೇಕಾದಾಗ ಮಾರ್ವೆಲ್ ಸಿನಿಮಾ ಹಕ್ಕುಗಳನ್ನು ಬಿಡಿಬಿಡಿಯಾಗಿ ಕೊಟ್ಟಿತು. ಎಕ್ಸ್-ಮೆನ್ ಮತ್ತು ಫೆಂಟಾಸ್ಟಿಕ್ ಫೋರ್ ಫಾಕ್ಸ್‌ಗೆ, ಸ್ಪೈಡರ್‌ಮ್ಯಾನ್ ಸೋನಿಗೆ ಹೋದರು. ಕೈಯಲ್ಲಿ ಉಳಿದದ್ದು ಆಗ ಯಾರಿಗೂ ಬೇಡವಾದವರು. 2005ರಲ್ಲಿ ಕ್ಯಾಪ್ಟನ್ ಅಮೆರಿಕ, ಡಾಕ್ಟರ್ ಸ್ಟ್ರೇಂಜ್, ಬ್ಲ್ಯಾಕ್ ಪ್ಯಾಂಥರ್ ಮುಂತಾದ ಹತ್ತು ಹೆಸರುಗಳ ಸಿನಿಮಾ ಹಕ್ಕನ್ನು ಒತ್ತೆಯಿಟ್ಟು ಮೆರಿಲ್ ಲಿಂಚ್ ಎಂಬ ಹಣಕಾಸು ಸಂಸ್ಥೆಯ ಮೂಲಕ 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿಕೊಂಡು ಸ್ವಂತ ಸಿನಿಮಾಗಳಿಗೆ ಕೈಹಾಕಿತು. 2019ರಲ್ಲಿ ಡಿಸ್ನಿ ಫಾಕ್ಸ್ ಅನ್ನೇ ಕೊಂಡದ್ದರಿಂದ ಎಕ್ಸ್-ಮೆನ್ ಮನೆಗೆ ಮರಳಿದರು.

ಭಾರತದ ಸ್ಪೈಡರ್‌ಮ್ಯಾನ್ ಇದ್ದಾನಂತೆ. ಅವನು ಅಧಿಕೃತವೇ?

ಅಧಿಕೃತನೇ. ಮೂಲ ಸ್ಪೈಡರ್‌ಮ್ಯಾನ್‌ನ ನಿಜ ಹೆಸರಾದ ಪೀಟರ್ ಪಾರ್ಕರ್‌ನ ನಾದವನ್ನೇ ಹಿಡಿದ ಪವಿತ್ರ ಪ್ರಭಾಕರ್, ಹಳ್ಳಿಯಿಂದ ಮುಂಬೈಗೆ ಓದಲು ಬಂದ ಹುಡುಗ. ಭೀಮ ಮಾವ, ಮಾಯಾ ಅತ್ತೆ ಅವನ ಮನೆಯವರು. ವಿಜ್ಞಾನದ ಅಪಘಾತದ ಬದಲು ಯೋಗಿಯ ವರದಿಂದ ಅವನಿಗೆ ಶಕ್ತಿ ಬರುತ್ತದೆ. ಮೇಲೆ ಜೇಡನ ಅಂಗಿ, ಕೆಳಗೆ ಧೋತಿ. ಗೋಥಮ್ ಎಂಟರ್‌ಟೇನ್‌ಮೆಂಟ್‌ನ ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಚಿತ್ರಕಾರ ಜೀವನ್ ಕಾಂಗ್ 2004ರಲ್ಲಿ ಇದನ್ನು ರೂಪಿಸಿದರು. ಬಂದದ್ದು ನಾಲ್ಕೇ ಸಂಚಿಕೆ. ಅದೇ ಬಳಗ ಮುಂದೆ 2006ರಲ್ಲಿ ಶುರುವಾದ ವರ್ಜಿನ್ ಕಾಮಿಕ್ಸ್‌ನಲ್ಲಿ ಸೇರಿಕೊಂಡಿತು. ಅದರ ಚಿತ್ರಶಾಲೆ ಇದ್ದದ್ದು ಬೆಂಗಳೂರಿನಲ್ಲಿ. 2023ರ ಆನಿಮೇಷನ್ ಚಿತ್ರದಿಂದ ಪವಿತ್ರ ಜಗತ್ತಿಗೆಲ್ಲ ಗೊತ್ತಾದ.

ಕರ್ಬಿ ಕುಟುಂಬದವರು ಕೋರ್ಟಿಗೆ ಹೋಗಿದ್ದು ಏನಾಯಿತು?

ಇದು ಎರಡು ಜಗಳಗಳ ಕಥೆ. ಮೊದಲನೆಯದು ಕಾಗದದ್ದು. 1980ರ ದಶಕದಲ್ಲಿ ಮಾರ್ವೆಲ್ ಹಳೆಯ ಮೂಲ ಚಿತ್ರಪುಟಗಳನ್ನು ಬಿಡಿಸಿದವರಿಗೆ ಮರಳಿಸತೊಡಗಿತು. ಬೇರೆಯವರು ಸಹಿ ಮಾಡಬೇಕಾದ ಪತ್ರ ಒಂದು ಪುಟದ್ದು. ಕರ್ಬಿ ಅವರಿಗೆ ಕಳಿಸಿದ್ದು ನಾಲ್ಕು ಪುಟದ್ದು. ಅದಕ್ಕೆ ಸಹಿ ಮಾಡಿದರೆ ಕೊಡುತ್ತೇವೆಂದದ್ದು 88 ಪುಟ. ಅವರು ಆ ಸಂಸ್ಥೆಗೆ ಬಿಡಿಸಿದ್ದು ಹತ್ತು ಸಾವಿರಕ್ಕೂ ಹೆಚ್ಚು. ಸಹ ಕಲಾವಿದರೂ ಓದುಗರೂ ದನಿ ಎತ್ತಿದ ಮೇಲೆ, 1987ರಲ್ಲಿ ಸುಮಾರು ಎರಡು ಸಾವಿರ ಪುಟ ಮರಳಿ ಬಂದವು. 1994ರಲ್ಲಿ ಕರ್ಬಿ ತೀರಿಕೊಂಡರು.

ಎರಡನೆಯದು ಹಕ್ಕಿನದು. ನಿರ್ದಿಷ್ಟ ಅವಧಿಯ ನಂತರ ಬರೆದವರ ವಾರಸುದಾರರು ಹಕ್ಕನ್ನು ಮರಳಿ ಕೇಳಲು ಅಮೆರಿಕದ ಕಾನೂನಿನಲ್ಲಿ ಅವಕಾಶವಿದೆ. 2009ರಲ್ಲಿ ಕರ್ಬಿ ಮಕ್ಕಳು ನೋಟಿಸ್ ಕೊಟ್ಟರು. ಕಂಪನಿ ಹೇಳಿ ಮಾಡಿಸಿದ, ಕಂಪನಿ ದುಡ್ಡು ಕೊಟ್ಟ ಕೆಲಸಕ್ಕೆ ಮೊದಲಿನಿಂದಲೂ ಕಂಪನಿಯೇ ಕರ್ತೃ ಎಂದು 2011ರಲ್ಲೂ, ಮೇಲ್ಮನವಿಯಲ್ಲಿ 2013ರಲ್ಲೂ ನ್ಯಾಯಾಲಯಗಳು ಮಾರ್ವೆಲ್ ಪರವಾಗಿ ಹೇಳಿದವು. ಸುಪ್ರೀಂ ಕೋರ್ಟ್ ಅರ್ಜಿಯನ್ನು ಪರಿಶೀಲಿಸುವ ಹೊತ್ತು ಹತ್ತಿರವಾದಾಗ, 2014ರ ಸೆಪ್ಟೆಂಬರ್‌ನಲ್ಲಿ ಎರಡೂ ಕಡೆಯವರು ರಾಜಿಯಾದರು. ಷರತ್ತುಗಳು ಗುಟ್ಟು. ಕಣ್ಣಿಗೆ ಕಾಣುವ ಬದಲಾವಣೆ ಒಂದಿದೆ: ಆಮೇಲಿನ ಸಂಚಿಕೆಗಳಲ್ಲಿ ಲೀ ಅವರ ಹೆಸರಿನ ಪಕ್ಕದಲ್ಲಿ ಸೃಷ್ಟಿಕರ್ತರಾಗಿ ಕರ್ಬಿ ಅವರ ಹೆಸರೂ ಅಚ್ಚಾಗುತ್ತಿದೆ. ನ್ಯಾಯಾಲಯಗಳು ಕಾನೂನಿನ ಅಕ್ಷರ ಓದಿದವು, ನ್ಯಾಯ ಸಿಕ್ಕಿದ್ದು ಆ ಒಂದು ಸಾಲಿನಲ್ಲಿ ಎಂದು ನಾನು ನಂಬಿದ್ದೇನೆ.

ಹಳೆಯ ಮೂಲ ಪುಟಗಳು ಈಗ ಎಲ್ಲಿವೆ? ಅವುಗಳಿಂದ ಏನು ತಿಳಿಯುತ್ತದೆ?

ಕೆಲವು ಕಲಾವಿದರ ಮನೆಗೆ ಮರಳಿದವು, ಕೆಲವು ಕಳವಾದವು, ಹಲವು ಹರಾಜಿನಲ್ಲಿ ಕೈಬದಲಾಗುತ್ತಿವೆ. ಒಂದು ಕಂತೆ ಮಾತ್ರ ಎಲ್ಲರದಾಗಿದೆ. ಸ್ಪೈಡರ್‌ಮ್ಯಾನ್ ಹುಟ್ಟಿದ ಸಂಚಿಕೆಯ 24 ಮೂಲ ಪುಟಗಳನ್ನು 2008ರಲ್ಲಿ ಹೆಸರು ಹೇಳಬಯಸದ ದಾನಿಯೊಬ್ಬರು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು.

ಅಚ್ಚಾದ ಪುಟದಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ: ತಪ್ಪಾದಲ್ಲಿ ಬಳಿದ ಬಿಳಿ ಬಣ್ಣ, ಅಂಚಿನಲ್ಲಿ ಪೆನ್ಸಿಲ್ ಗುರುತು. ಪೀಟರ್ ರಸ್ತೆ ದಾಟುವಾಗ ಕಾರೊಂದು ಅವನನ್ನು ಸವರಿಕೊಂಡು ಹೋಗುವ ಚೌಕಟ್ಟಿದೆ. ಅದರ ಬಳಿ ಡಿಟ್ಕೋ ಅವರಿಗೆ ಲೀ ಬರೆದ ಸೂಚನೆ ಉಳಿದಿದೆ: ಕಾರಿಗೆ ಮಾಡು ಹಾಕು, ಹೊರಗೆ ಕೈ ನೇತಾಡುವುದು ಬೇಡ, ಅಡ್ಡಾದಿಡ್ಡಿ ಓಡಿಸುತ್ತಿರುವಂತೆ ಕಾಣಬಾರದು. ಪುಟ ಡಿಟ್ಕೋ ಅವರದು, ಅಂಚಿನ ಕೈಬರಹ ಲೀ ಅವರದು.